ಗುಣಣ್ಣನ ಹದಿನೆಂಟು ಖಾನೆ

ಶಾಲೆಯ ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹುಡುಗರಿಗೂ ಮೇಷ್ಟ್ರುಗಳಿಗೂ ಅವನು ಗುಣಣ್ಣ. ನನಗಿಂತ ನಾಲ್ಕು ವರ್ಷ ಚಿಕ್ಕವನಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ.

ಹೆಸರು ಬಂದದ್ದು ಒಂದು ಪಾಠದಿಂದ. ನಾಲ್ಕನೆಯ ತರಗತಿಗೆ ವ್ಯಾಕರಣ, ವಿಜ್ಞಾನ ಎರಡನ್ನೂ ನಾನೇ ಹೇಳಿಕೊಡುತ್ತಿದ್ದೆ. ಬೆಳಗ್ಗೆ ಗುಣವಾಚಕ, ಮಧ್ಯಾಹ್ನ ವಸ್ತುಗಳ ಗುಣ. ಮಧ್ಯಾಹ್ನದ ಪಾಠ ಬಂದಾಗ ಶಾಲೆಯ ಜವಾನನಾದ ಇವನು ಒಂದು ಮರದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತರಗತಿಗೆ ತರುತ್ತಿದ್ದ. ಪೆಟ್ಟಿಗೆಯೊಳಗೆ ಹದಿನೆಂಟು ಖಾನೆ, ಖಾನೆಗೊಂದು ವಸ್ತು. ಎಲ್ಲವನ್ನೂ ಅವನೇ ಕೂಡಿಹಾಕಿದ್ದ. ಕಬ್ಬಿಣ ಎಂದರೆ ಹಳೆಯ ಗೇಟಿನ ಮುರಿದ ಚಿಲಕ. ಚರ್ಮ ಎಂದರೆ ಯಾವ ಕಾಲದಲ್ಲೋ ಇದ್ದ ಹೆಡ್ ಮಾಸ್ತರರ ಚೀಲದ ಕಿವಿ. ಉಣ್ಣೆ ಅವನ ಹೆಂಡತಿಯ ಸ್ವೆಟರಿನ ಮೊಣಕೈ. ಗಾಜಿನ ತುಂಡು ಮಕ್ಕಳ ಕೈ ಕೊಯ್ಯಬಾರದೆಂದು ಅದರ ಅಂಚನ್ನು ಕಲ್ಲಿನ ಮೇಲೆ ಎರಡು ದಿನ ಉಜ್ಜಿದ್ದ. ರಬ್ಬರ್ ಮಾತ್ರ ಲಾರಿಯ ಟೈರಿನಿಂದ ಕೊಯ್ದ ಕರಿಯ ಉಂಡೆ, ಮಗುವಿನ ಮುಷ್ಟಿಯಷ್ಟು ದಪ್ಪ.

ಪಾಠ ಮುಗಿದ ಮೇಲೆ ಆಟ. ಗುಣಣ್ಣ ತನ್ನ ಮಫ್ಲರನ್ನು ಕಣ್ಣಿಗೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ಬಲಗೈ ಚಾಚುತ್ತಿದ್ದ. ಮಕ್ಕಳು ಒಬ್ಬೊಬ್ಬರಾಗಿ ಬಂದು ಒಂದೊಂದು ವಸ್ತುವನ್ನು ಅಂಗೈಯಲ್ಲಿ ಇಡಬೇಕು. ಅವನು ವಸ್ತುವಿನ ಹೆಸರು ಹೇಳಿ ಅದರ ಮೂರು ಗುಣ ಹೇಳಬೇಕು. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ತೂಕದಿಂದ ಯಾರಾದರೂ ಹೇಳಿಯಾರು. ಇವನು ಹತ್ತಿಯ ಬಟ್ಟೆ ಯಾವುದು, ಒಗೆದು ಒಗೆದು ಹತ್ತಿಯಂತಾದ ನೈಲಾನ್ ಯಾವುದು ಎಂಬುದನ್ನು ಹೆಬ್ಬೆರಳಿನ ಒಂದೇ ಉಜ್ಜಿನಲ್ಲಿ ಹೇಳುತ್ತಿದ್ದ. ಒಮ್ಮೆ ಒಬ್ಬ ತುಂಟ ಬಿಸ್ಕತ್ತಿನ ತುಂಡು ಇಟ್ಟ. "ಬಿಸ್ಕತ್ತು. ಒತ್ತಿದರೆ ಪುಡಿಯಾಗುತ್ತೆ, ನೀರು ಹೀರುತ್ತೆ, ಮೂರನೇ ಗುಣ ನೋಡು," ಎಂದು ಬಾಯಿಗೆ ಹಾಕಿಕೊಂಡ.

ಗುಟ್ಟೇನು ಎಂದು ಒಮ್ಮೆ ಕೇಳಿದ್ದೆ.

"ಗುಟ್ಟೇನಿಲ್ಲ ಮೇಷ್ಟ್ರೇ. ಕಬ್ಬಿಣ ಕೈಗೆ ಬಂದ ತಕ್ಷಣ ಕೈಯಿಂದ ಏನೋ ಕಿತ್ಕೊಳ್ಳುತ್ತೆ. ಗಾಜೂ ಕಿತ್ಕೊಳ್ಳುತ್ತೆ, ಸ್ವಲ್ಪ ನಾಚಿಕೆಯಿಂದ. ಮರ ಕಿತ್ಕೊಳ್ಳಲ್ಲ, ಅದು ಸಾಧು. ಉಣ್ಣೆ ತಾನೇ ಕೊಟ್ಟ ಹಾಗಿರುತ್ತೆ."

ಅದು ಶಾಖ, ಕಬ್ಬಿಣ ಶಾಖವನ್ನು ಬೇಗ ಸಾಗಿಸುತ್ತದೆ, ಮರ ಸಾಗಿಸುವುದಿಲ್ಲ ಎಂದು ವಿವರಿಸಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡ. ನನ್ನ ವಾಹಕ, ಅವಾಹಕಗಳಿಗಿಂತ ಅವನ ಕಳ್ಳ, ಸಾಧುಗಳೇ ಮಕ್ಕಳಿಗೆ ಬೇಗ ತಿಳಿಯುತ್ತಿದ್ದವು. ಪರೀಕ್ಷೆಯಲ್ಲಿ 'ಮರವು ಸಾಧು ವಸ್ತು' ಎಂದು ಬರೆದವರಿಗೂ ನಾನು ಅರ್ಧ ಅಂಕ ಕೊಟ್ಟದ್ದುಂಟು.

ಅವನ ಮನೆ ಶಾಲೆಯ ಹಿಂದಿನ ಓಣಿಯಲ್ಲಿ, ಎರಡು ಕೋಣೆ. ಹೆಂಡತಿ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವ ಮಗಳು, ಆ ಮಗಳ ಮಗಳು. ಈ ಮೊಮ್ಮಗಳಿಗೆ ಮನೆಯಲ್ಲಿ ವಕೀಲಮ್ಮ ಎಂದು ಹೆಸರು. ಯಾವುದಕ್ಕೂ ಸಾಕ್ಷಿ ಕೇಳುವ ಹುಡುಗಿ. ಅವಳು ಮೂರು ವರ್ಷದವಳಾಗಿದ್ದಾಗಿನಿಂದ ಅವರಿಬ್ಬರ ನಡುವೆ ಒಂದು ಆಟವಿತ್ತು. ಅವಳು ಓಡಿಬಂದು ತಾತನ ಅಂಗೈಯಲ್ಲಿ ತನ್ನ ಮುಷ್ಟಿ ಇಡುವಳು. ಅವನು ಕಣ್ಣು ಮುಚ್ಚಿ ಗಂಭೀರವಾಗಿ ಹೇಳುವನು: "ಇದು ನಮ್ಮ ವಕೀಲಮ್ಮ. ಮೆತ್ತಗಿದೆ, ಬೆಚ್ಚಗಿದೆ, ಬಾಯಿ ಮಾತ್ರ ಗಟ್ಟಿ." ನಾನು ಹೋದಾಗಲೆಲ್ಲ ಈ ಆಟ ಆಗುತ್ತಿತ್ತು.

ಕಾಯಿಲೆ ಚಪ್ಪಲಿಯಿಂದ ಶುರುವಾಯಿತು. ಒಂದು ದಿನ ಗುಣಣ್ಣ ಗೇಟಿನಿಂದ ಸ್ಟಾಫ್ ರೂಮಿನವರೆಗೆ ಒಂದೇ ಕಾಲಿನ ಚಪ್ಪಲಿಯಲ್ಲಿ ಬಂದ. ಇನ್ನೊಂದು ಅಂಗಳದ ನಡುವೆ ಬಿದ್ದಿತ್ತು. "ಮದುವೆ ದಿನವೂ ಇಷ್ಟು ಮೈಮರೆತಿರಲಿಲ್ಲ ನೋಡಿ," ಎಂದು ಅವನೂ ನಕ್ಕ, ನಾವೂ ನಕ್ಕೆವು. ಆಮೇಲೆ ಸೀಮೆಸುಣ್ಣದ ಡಬ್ಬಿ ಕೈಯಿಂದ ಜಾರಿತು. ಗಂಟೆಯ ಸುತ್ತಿಗೆ ಜಾರಿತು. ಒಂದು ಸಂಜೆ ಪೆಟ್ಟಿಗೆ ತೆರೆದು ನೋಡಿದರೆ ಕಬ್ಬಿಣದ ಖಾನೆಯಲ್ಲಿ ಮರದ ತುಂಡು, ಮರದ ಖಾನೆಯಲ್ಲಿ ಚಿಲಕ. ಖಾನೆಗಳ ಕಡೆ ಕಣ್ಣು ಹಾಯಿಸದೆ ಕೈಯಿಂದಲೇ ಜೋಡಿಸುವುದು ಅವನ ರೂಢಿ. ಇಷ್ಟು ವರ್ಷಗಳಲ್ಲಿ ಆ ಕೈ ತಪ್ಪಿದ್ದು ನಾನು ಕಂಡಿರಲಿಲ್ಲ. ಎರಡನ್ನೂ ಅದಲುಬದಲು ಮಾಡಿ ಪೆಟ್ಟಿಗೆ ಮುಚ್ಚಿದೆ.

ಸ್ಟಾಫ್ ರೂಮಿನಲ್ಲಿ ಒಂದು ಅಲ್ಯೂಮಿನಿಯಂ ಚಹಾ ಕೆಟಲ್ ಇತ್ತು. ಅದರ ಹಿಡಿಗೆ ಇದ್ದ ಮರದ ಗುಬಟು ಎಂದೋ ಉದುರಿಹೋಗಿ ಬರೀ ತಂತಿ ಉಳಿದಿತ್ತು. ಅದನ್ನು ಬಟ್ಟೆಯಿಂದ ಹಿಡಿದು ಇಳಿಸಬೇಕು. ಒಂದು ದಿನ ಗುಣಣ್ಣ ನನ್ನೊಡನೆ ಏನೋ ಹೇಳುತ್ತ ಬರಿಗೈಯಲ್ಲಿ ಹಿಡಿದು ಇಳಿಸಿದ, ಹಿಡಿದುಕೊಂಡೇ ನಿಂತ. ಮಾತು ನಿಲ್ಲಲಿಲ್ಲ. ನನಗೆ ಮೊದಲು ಬಂದದ್ದು ವಾಸನೆ.

"ಗುಣಣ್ಣ, ಕೈ ಬಿಡು."

ಅವನು ಕೈಯ ಕಡೆ ನೋಡಿದ. ಬೇರೆ ಯಾರದೋ ಕೈ ಎಂಬಂತೆ ನೋಡಿ, ಕೆಟಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. ಅಂಗೈಗೆ ಅಡ್ಡಲಾಗಿ ಬಿಳಿಯ ಗೆರೆ ಎದ್ದಿತ್ತು.

"ನೋವಿಲ್ವಾ?"

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ ಮೇಷ್ಟ್ರೇ," ಎಂದ. ನಗಲು ಹೋದ. "ನಂದು ಸುಡೋ ಮುಂಚೆನೇ ಹೋಗಿದೆ."

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಮೂರು ಸಲ ಹೋದೆವು. ಕಣ್ಣು ಮುಚ್ಚಿಸಿ ಸೂಜಿಮೊನೆಯಿಂದ ಚುಚ್ಚಿದರು. ಬೆರಳುಗಳಲ್ಲಿ ಏನೂ ಇಲ್ಲ, ಅಂಗೈಯಲ್ಲಿ ಏನೂ ಇಲ್ಲ, ಮಣಿಕಟ್ಟಿನ ಮೇಲೆ ಸ್ವಲ್ಪ. ಪಾದದಲ್ಲೂ ಅದೇ. ನರಗಳು ತುದಿಯಿಂದ ಸಾಯುತ್ತ ಬರುತ್ತಿವೆ ಎಂದರು ಡಾಕ್ಟರು. ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ಮಾತ್ರೆ ಕೊಡ್ತೀನಿ, ಉರಿ ಗಿರಿ ಇದ್ರೆ ಕಡಿಮೆ ಆಗುತ್ತೆ. ಆದರೆ ಗುಣ ಆಗಲ್ಲಪ್ಪ."

"ನನ್ನ ಹೆಸರಲ್ಲೇ ಇದೆಯಲ್ಲ ಡಾಕ್ಟ್ರೇ," ಎಂದ ಗುಣಣ್ಣ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಹೊರಗೆ ಮೆಟ್ಟಿಲು ಇಳಿಯುವಾಗ ಅವನು ಪಕ್ಕದ ಕಂಬಿ ಹಿಡಿದು, ಪ್ರತಿ ಮೆಟ್ಟಿಲನ್ನೂ ಕಣ್ಣಿನಿಂದ ನೋಡಿ ಇಳಿದ.

"ನೀವು ವ್ಯಾಕರಣದ ಮೇಷ್ಟ್ರು. ಕಲ್ಲಿಗೆ ಇರೋದನ್ನೂ ಗುಣ ಅಂತೀವಿ, ರೋಗ ಹೋಗೋದನ್ನೂ ಗುಣ ಅಂತೀವಿ. ಒಂದೇ ಪದಕ್ಕೆ ಎರಡು ಕೆಲಸ ಯಾಕೆ ಕೊಟ್ಟರು?"

"ಪದ ಕಡಿಮೆ ಇದ್ದವೇನೋ," ಎಂದೆ.

"ಕಲ್ಲಿಗೆ ಮೂರು ಗುಣ ಇದೆ. ನನಗೆ ಒಂದು ಆಗಲಿಲ್ಲ ನೋಡಿ."

ಮನೆಯಲ್ಲಿ ಹೆಂಡತಿಗೆ ಹೇಳಿದ, ಮಗಳಿಗೆ ಹೇಳಿದ. ವಕೀಲಮ್ಮನಿಗೆ ಹೇಳಬಾರದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಅವಳು ಆ ವರ್ಷವೇ ನಾಲ್ಕನೆಯ ತರಗತಿಗೆ, ನನ್ನ ತರಗತಿಗೆ ಬಂದಿದ್ದಳು. ಶಾಲೆ ಶುರುವಾದ ದಿನದಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು: ನಮ್ಮ ತಾತ ಬರ್ತಾರೆ, ಕಣ್ಣು ಕಟ್ಕೊಂಡು ಹೇಳ್ತಾರೆ, ಒಂದೂ ತಪ್ಪಲ್ಲ.

ಪಾಠಕ್ಕೆ ಒಂದು ವಾರ ಇರುವಾಗ ಗುಣಣ್ಣ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಈ ಸಲ ಆಟ ಬಿಡೋಣ ಗುಣಣ್ಣ," ಎಂದೆ. "ಪೆಟ್ಟಿಗೆ ಮಾತ್ರ ತೋರಿಸೋಣ."

"ಇಲ್ಲ ಮೇಷ್ಟ್ರೇ. ಈ ಒಂದು ಸಲ. ಆ ಹುಡುಗಿ ಮುಂದೆ ಒಂದು ಸಲ ಆಗಿಬಿಡಲಿ. ಆಮೇಲೆ ಪೆಟ್ಟಿಗೆ ಅಟ್ಟಕ್ಕೆ ಹಾಕಿ, ಬೇಕಾದರೆ ನನ್ನನ್ನೂ ಹಾಕಿ."

"ಹೇಗೆ ಹೇಳ್ತೀಯ?"

"ಅದಕ್ಕೇ ನಿಮ್ಮ ಹತ್ತಿರ ಬಂದಿದ್ದು."

ಮೂವತ್ತು ವರ್ಷ ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹೇಳಿದ ನಾನು, ಅಂದು ಕೂತು ನಕಲಿನ ದಾರಿ ಹುಡುಕಿದೆ. ಯಾವ ವಸ್ತುವಿನ ನಂತರ ಯಾವುದು ಎಂಬುದು ಅವನಿಗೆ ಮೊದಲೇ ಗೊತ್ತಿದ್ದರೆ ಕೈಯ ಅಗತ್ಯವೇ ಇಲ್ಲ. ಅವನಿಗೆ ಮರೆಯದಂಥ ಕ್ರಮ ಬೇಕು. ವರ್ಣಮಾಲೆಗಿಂತ ಒಳ್ಳೆಯ ಕ್ರಮ ಎಲ್ಲಿದೆ? ಹದಿನೆಂಟರಲ್ಲಿ ಹನ್ನೆರಡು ಆರಿಸಿದೆ. ಅಲ್ಯೂಮಿನಿಯಂ, ಇಟ್ಟಿಗೆ, ಉಣ್ಣೆ, ಕಬ್ಬಿಣ, ಕಾಗದ, ಗಾಜು, ಚರ್ಮ, ತಾಮ್ರ, ಬೆಂಡು, ಮರ, ಮೇಣ, ರಬ್ಬರ್. ಪ್ರತಿ ವಸ್ತುವನ್ನೂ ನಾನೇ ಪೆಟ್ಟಿಗೆಯಿಂದ ತೆಗೆದು ಮಗುವಿನ ಕೈಗೆ ಕೊಡುವುದು, ಮಗು ಗುಣಣ್ಣನ ಕೈಯಲ್ಲಿಡುವುದು. ಕೊನೆಯ ವಸ್ತು ಮೊಮ್ಮಗಳಿಂದ. ಬಿಸ್ಕತ್ತು ಗಿಸ್ಕತ್ತು ಈ ಸಲ ಇಲ್ಲ ಎಂದು ಮೊದಲೇ ಹೇಳಿಬಿಡುವುದು.

ಅಭ್ಯಾಸ ಮಾಡಿಸಲು ಅವನ ಮನೆಗೆ ಹೋದೆ. ಹುಡುಗಿ ಹೊರಗೆ ಆಡುತ್ತಿದ್ದಳು. ಗುಣಣ್ಣ ಕಣ್ಣು ಮುಚ್ಚಿಕೊಂಡು ಬಾಯಿಪಾಠ ಹೇಳುತ್ತಿದ್ದರೆ ಹೆಂಡತಿ ಮೂಲೆಯಲ್ಲಿ ಪಾತ್ರೆ ಒರೆಸುತ್ತ ಕೂತಿದ್ದಳು.

"ಕೇಳಿದ್ರಾ ಮೇಷ್ಟ್ರೇ," ಎಂದಳು. "ಇಷ್ಟು ವರ್ಷ ಊರಿನ ಕಲ್ಲು ಮಣ್ಣು ಹಿಡಿದು ಗುಣ ಹೇಳಿದರು. ನನ್ನ ಕೈ ಹಿಡಿದು ಒಂದು ದಿನ ಒಂದು ಗುಣ ಹೇಳಿದ್ದುಂಟಾ?"

"ನಿನ್ನ ಗುಣ ಮೂರರಲ್ಲಿ ಮುಗಿಯುತ್ತಾ? ನಿಘಂಟು ಬೇಕು."

"ಈಗ ನಿಘಂಟೂ ಕೈಲಿ ಹಿಡಿಯೋಕೆ ಆಗಲ್ಲ," ಎಂದಳು ಅವಳು, ಮತ್ತು ಅಂದ ಮೇಲೆ ತಲೆ ತಗ್ಗಿಸಿ ಅದೇ ಪಾತ್ರೆಯನ್ನು ಇನ್ನೊಮ್ಮೆ ಒರೆಸಿದಳು. ಒಣಗಿದ ಪಾತ್ರೆ ಅದು.

ಅಷ್ಟರಲ್ಲಿ ವಕೀಲಮ್ಮ ಒಳಗೆ ಬಂದಳು. ಬಂದವಳೇ ಮುಷ್ಟಿ ಕಟ್ಟಿ ತಾತನ ಕಡೆ ಚಾಚಿದಳು. ಗುಣಣ್ಣ ಥಟ್ಟನೆ ಎದ್ದ. "ಆಮೇಲೆ ಕಣಮ್ಮ, ಮೇಷ್ಟ್ರು ಬಂದಿದ್ದಾರೆ ನೋಡು."

"ಯಾವಾಗಲೂ ಆಮೇಲೆ ಅಂತೀಯ. ಆಡಿ ಎಷ್ಟು ದಿನ ಆಯ್ತು, ಲೆಕ್ಕ ಇದೆಯಾ?"

"ಶಾಲೆಯಲ್ಲಿ ಆಡ್ತೀನಲ್ಲ."

"ಸರಿ," ಎಂದಳು ಹುಡುಗಿ. "ಶಾಲೆಯಲ್ಲಿ."

ಈ ಮಾತು ನನ್ನ ಕಿವಿಯ ಮೇಲೂ ಬಿತ್ತು. ಅದರೊಳಗೆ ಏನಿದೆ ಎಂದು ಆಗ ಹೊಳೆಯಲಿಲ್ಲ.

ಆಟದ ದಿನ ಬಂತು. ಗುಣಣ್ಣ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಗಲ್ಲದ ಮೇಲೆ ಎರಡು ಕಡೆ ಬ್ಲೇಡಿನ ಗಾಯ. ಪೆಟ್ಟಿಗೆಯನ್ನು ಹೊರಲು ಬಿಡದೆ ನಾನೇ ತಂದಿಟ್ಟಿದ್ದೆ. ಮಫ್ಲರ್ ಕಟ್ಟಲು ಅವನ ಬೆರಳುಗಳಿಗೆ ಆಗಲಿಲ್ಲ. ಗಂಟು ಹಾಕಿದ್ದೂ ನಾನೇ.

"ಗಟ್ಟಿಯಾಗಿ ಕಟ್ಟಿ ಮೇಷ್ಟ್ರೇ," ಎಂದ ಎಲ್ಲರಿಗೂ ಕೇಳುವಂತೆ. "ಆಮೇಲೆ ಕಳ್ಳಗಣ್ಣು ಅನ್ನಬಾರದು."

ಅಲ್ಯೂಮಿನಿಯಂ ಇಟ್ಟರು. ಅವನು ಅಂಗೈಯನ್ನು ಮೇಲೆ ಕೆಳಗೆ ತೂಗಿದ, ಬೆರಳಾಡಿಸಿದ, ಹುಬ್ಬು ಗಂಟಿಕ್ಕಿದ. ಮೊದಲಿನ ವರ್ಷಗಳಲ್ಲಿ ಮಾಡುತ್ತಿದ್ದ ಎಲ್ಲವನ್ನೂ ಮಾಡಿದ. "ಅಲ್ಯೂಮಿನಿಯಂ. ಹಗುರ, ಹೊಳಪು ಇದೆ, ತುಕ್ಕು ಹಿಡಿಯಲ್ಲ." ಚಪ್ಪಾಳೆ. ಇಟ್ಟಿಗೆ, ಉಣ್ಣೆ. ಕಬ್ಬಿಣ ಬಂದಾಗ "ಅಬ್ಬ, ಕಳ್ಳ, ಹೇಗೆ ಕಿತ್ಕೊಳ್ಳುತ್ತೆ ನೋಡು," ಎಂದ. ಅವನಿಂದ ಅದು ಏನನ್ನೂ ಕಿತ್ತುಕೊಂಡಿರಲಿಲ್ಲ ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗಾಜನ್ನು ಕೈಯಲ್ಲಿಟ್ಟಾಗ ಅದು ಬೆರಳ ಸಂದಿಯಿಂದ ಜಾರುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಹಿಡಿದುಕೊಂಡೆ. ಮಕ್ಕಳು ಗಮನಿಸಲಿಲ್ಲ. ತಾಮ್ರ, ಬೆಂಡು, ಮರ, ಮೇಣ. ಹನ್ನೊಂದು ಆಯಿತು. ಅವನ ಮುಖದಲ್ಲಿ ನಗು ಬಂದಿತ್ತು. ದಡ ಕಾಣಿಸಿದವನ ನಗು.

ಹನ್ನೆರಡನೆಯದು ವಕೀಲಮ್ಮನ ಸರದಿ. ನಾನು ಕರಿಯ ರಬ್ಬರಿನ ಉಂಡೆಯನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ತರಗತಿಯ ಕಡೆ ತಿರುಗಿ, ಸುಮ್ಮನಿರಿ ಎಂದು ಕಣ್ಣು ಮಿಟುಕಿಸಿದಳು. ಆಮೇಲೆ ಬಲಗೈ ಮುಷ್ಟಿ ಕಟ್ಟಿ ತಾತನ ಅಂಗೈಯಲ್ಲಿ ಇಟ್ಟಳು.

ನಾನು ಬಾಯಿ ತೆರೆದೆ. ಒಂದು ಕೆಮ್ಮು ಕೆಮ್ಮಿದ್ದರೂ ಸಾಕಿತ್ತು. ಆದರೆ ಅವಳ ಮುಖ ನೋಡುತ್ತ ನಿಂತುಬಿಟ್ಟೆ. ಆ ಮೂರು ಮಾತಿಗೆ ಅವಳು ಆಗಲೇ ತುಟಿಯಾಡಿಸುತ್ತಿದ್ದಳು.

ಗುಣಣ್ಣ ಅಂಗೈಯನ್ನು ತೂಗಿದ. ಬೆರಳುಗಳನ್ನು ಅವಳ ಬೆರಳುಗಳ ಮೇಲೆ ಆಡಿಸಿದ.

"ರಬ್ಬರ್," ಎಂದ ದೊಡ್ಡ ದನಿಯಲ್ಲಿ. "ಎಳೆದರೆ ಹಿಗ್ಗುತ್ತೆ, ನೀರು ಹೀರಲ್ಲ, ಬಿದ್ದರೂ ಒಡೆಯಲ್ಲ."

ತರಗತಿ ಬಿದ್ದು ಬಿದ್ದು ನಕ್ಕಿತು. ಗುಣಣ್ಣ ಬೇಕೆಂದೇ ಹೇಳಿದ್ದಾನೆ ಎಂದು ಅವರು ತಿಳಿದರು. "ವಕೀಲಿ ರಬ್ಬರ್, ವಕೀಲಿ ರಬ್ಬರ್," ಎಂದು ಹಿಂದಿನ ಬೆಂಚಿನಿಂದ ಒಂದು ದನಿ. ಹುಡುಗಿ ನಗಲಿಲ್ಲ. ಮುಷ್ಟಿಯನ್ನು ತೆಗೆಯಲೂ ಇಲ್ಲ. ನಗುವಿನ ಅರ್ಥ ತಿಳಿಯದೆ ಗುಣಣ್ಣ ಮಣಿಕಟ್ಟಿನಿಂದ ಮಫ್ಲರನ್ನು ಮೇಲಕ್ಕೆ ತಳ್ಳಿದ. ತನ್ನ ಅಂಗೈ ನೋಡಿದ.

"ತಮಾಷೆಗೆ ಅಂದೆ ಕಣಮ್ಮ," ಎಂದ.

"ತಮಾಷೆ ಮಾಡೋವಾಗ ನಿನ್ನ ಮೂಗು ಅರಳುತ್ತೆ," ಎಂದಳು ಅವಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಈಗ ಅರಳಲಿಲ್ಲ."

ಗಂಟೆ ಹೊಡೆಯುವ ಹೊತ್ತಾಗಿತ್ತು. ಹೊಡೆಯಬೇಕಾದವನು ಸ್ಟೂಲಿನ ಮೇಲೆಯೇ ಕೂತಿದ್ದ. ನಾನೇ ಹೋಗಿ ಹೊಡೆದೆ.

ಶಾಲೆ ಬಿಟ್ಟ ಮೇಲೆ ಅವರಿಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿ ಅವನ ಅಂಗಿಯ ತೋಳನ್ನು ಮಡಿಸಿ, ಬೆರಳಿನಿಂದ ಶುರುಮಾಡಿ ಪೆನ್ನಿನ ತುದಿಯಿಂದ ಒತ್ತುತ್ತ ಮೇಲೆ ಬರುತ್ತಿದ್ದಳು.

"ಇಲ್ಲಿ?"

"ಇಲ್ಲ."

"ಇಲ್ಲಿ? ಸುಳ್ಳು ಹೇಳಬೇಡ."

"ಇಲ್ಲಮ್ಮ."

"ಇಲ್ಲಿ?"

"ಹ್ಞೂಂ. ಇಲ್ಲಿ ಗೊತ್ತಾಗುತ್ತೆ."

ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ. ಅಲ್ಲಿ ಅವಳು ನೀಲಿ ಪೆನ್ನಿನಿಂದ ಒಂದು ಅಡ್ಡ ಗೆರೆ ಎಳೆದಳು. ಆಮೇಲೆ ಆ ಗೆರೆಯ ಮೇಲ್ಗಡೆ ತೋಳು ಹಿಡಿದುಕೊಂಡು ಅವನನ್ನು ಮನೆಗೆ ಕರೆದುಕೊಂಡು ಹೋದಳು.

ಆ ವರ್ಷ ಮುಗಿಯುವ ಮುಂಚೆ ಗುಣಣ್ಣ ಕೆಲಸ ಬಿಟ್ಟ. ಗಂಟೆಯ ಸುತ್ತಿಗೆ ಹಿಡಿಯಲಾಗದವನಿಗೆ ಶಾಲೆಯಲ್ಲಿ ಬೇರೆ ಕೆಲಸ ಇರಲಿಲ್ಲ. ಮಾರನೆಯ ವರ್ಷ ಪಾಠಕ್ಕೆ ಬಣ್ಣದ ಚಾರ್ಟ್ ಬಂತು. ಕಬ್ಬಿಣ, ಮರ, ಉಣ್ಣೆ ಎಲ್ಲದರ ಚಿತ್ರವೂ ಅದರಲ್ಲಿತ್ತು, ಎಲ್ಲವೂ ಒಂದೇ ನುಣುಪು. ಹೆಡ್ ಮಿಸ್ ಅವರ ಒಪ್ಪಿಗೆ ಪಡೆದು ಪೆಟ್ಟಿಗೆಯನ್ನು ಅವನ ಮನೆಗೆ ಕೊಟ್ಟುಬಂದೆ. ಅವನು ಬೇಡ ಅನ್ನಲಿಲ್ಲ, ತೆರೆಯಲೂ ಇಲ್ಲ. ಅವನ ಹೆಂಡತಿ ಅದನ್ನು ಕಿಟಕಿಯ ಕೆಳಗಿಟ್ಟು ಮೇಲೆ ಹಾಸಿಗೆ ಮಡಿಸಿಟ್ಟಳು.

ನಿವೃತ್ತಿಯ ನಂತರವೂ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಗೆರೆ ಮೇಲೆ ಏರಿರುತ್ತಿತ್ತು. ಸ್ನಾನಕ್ಕೆ ಅಳಿಸಿಹೋದರೆ ಹುಡುಗಿ ಮತ್ತೆ ಒತ್ತಿ ನೋಡಿ ಹೊಸದು ಎಳೆಯುತ್ತಿದ್ದಳು. ಒಮ್ಮೆಯೂ ಅದು ಕೆಳಗೆ ಇಳಿಯಲಿಲ್ಲ. ಇದ್ದಲ್ಲೇ ನಿಂತ ತಿಂಗಳು ಒಂದಿತ್ತು. ಆ ತಿಂಗಳು ಮನೆಯಲ್ಲಿ ಎಲ್ಲರೂ ಸ್ವಲ್ಪ ಹೆಚ್ಚು ಮಾತಾಡಿದರು, ಹೆಂಡತಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಮುಂದಿನ ತಿಂಗಳು ಗೆರೆ ಮೊಣಕೈ ದಾಟಿತ್ತು.

ಕಳೆದ ಸಲ ಹೋದಾಗ ಅದು ಭುಜದ ಹತ್ತಿರ ಇತ್ತು. ವಕೀಲಮ್ಮ ಈಗ ಲಂಗ ಬಿಟ್ಟು ಹೈಸ್ಕೂಲಿನ ಸಮವಸ್ತ್ರ ತೊಡುವ ಹುಡುಗಿ. ವಾದ ಕಡಿಮೆಯಾಗಿದೆ. ತಾತನಿಗೆ ಅನ್ನ ಕಲಸಿ ತಿನ್ನಿಸಿ, ಬಾಯಿ ಒರೆಸಿ, ತೋಳು ಮೇಲೆ ಮಾಡಿ ನೋಡಿದಳು.

"ಮುಂದಿನ ಸಲ ಎಲ್ಲಿ ಎಳೀಲಿ ತಾತ?"

"ಅಂಗಿ ಮೇಲೆ ಎಳಿ. ಅಂಗಿಗೂ ಏನೂ ಗೊತ್ತಾಗಲ್ಲ, ಜೊತೆಯಾಗುತ್ತೆ."

ಅವನ ಮೂಗು ಅರಳಿತು. ಅವಳೂ ನಕ್ಕಳು. ನಕ್ಕು ಎದ್ದು ಒಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ನಾನು ಹೊರಟಾಗ ಗುಣಣ್ಣ ಬೇಡವೆಂದರೂ ಗೋಡೆಗೆ ಭುಜ ಕೊಟ್ಟು ಬಾಗಿಲವರೆಗೆ ಬಂದ. ಶಾಲೆಯ ಗೋಡೆಗೆ ಸುಣ್ಣ ಹೊಡೆದರಾ, ಗೇಟಿಗೆ ಹೊಸ ಚಿಲಕ ಹಾಕಿದರಾ ಎಂದು ಕೇಳುತ್ತಿದ್ದ. ಒಂದು ಕಾಲಿನ ಚಪ್ಪಲಿ ಒಳಗೆ, ಚಾಪೆಯ ಹತ್ತಿರವೇ ಉಳಿದಿತ್ತು. ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಹುಡುಗಿ ಅದನ್ನು ತಂದಳು. ಬಗ್ಗಿ, ಅವನ ಕಾಲನ್ನು ಸ್ವಲ್ಪ ಎತ್ತಿ, ಚಪ್ಪಲಿ ತೊಡಿಸಿ, ಮತ್ತೆ ನೆಲಕ್ಕಿಟ್ಟಳು.

ಅವನು ನನ್ನನ್ನೇ ನೋಡುತ್ತ ಚಿಲಕದ ಮಾತನ್ನು ಮುಂದುವರಿಸಿದ್ದ. ಅವನಿಗೆ ಗೊತ್ತಾಗಲಿಲ್ಲ.